5000 ಪೌಂಡ್ ಎಂಬ ಅರ್ಧಸತ್ಯ



ಅಮೆರಿಕದಲ್ಲಿ ನೆಲೆಸಿರುವ ನಿಮ್ಮಲ್ಲಿ ಹಲವರು ಈಚಿನ ವರ್ಷಗಳಲ್ಲಿ ಸಣ್ಣ ಕ್ಯಾಂಪರ್ ಟ್ರೇಲರ್‌ಗಳನ್ನು ಕೊಂಡು, ಮನೆಯ ಕಾರಿಗೇ ಕಟ್ಟಿಕೊಂಡು, ರಾಷ್ಟ್ರೀಯ ಉದ್ಯಾನಗಳಿಗೆ ಹೋಗಿಬರುತ್ತಿದ್ದೀರಿ. ನೀವು ಕಳುಹಿಸುವ ಚಿತ್ರಗಳನ್ನು ನೋಡಿ ಸಂತೋಷಪಡುತ್ತೇನೆ. ಮಕ್ಕಳು ಹೋಟೆಲಿನ ಕೋಣೆಯಲ್ಲಿ ಟಿ.ವಿ. ನೋಡುವ ಬದಲು ಬಯಲಿನಲ್ಲಿ ಮಲಗಿ ನಕ್ಷತ್ರ ನೋಡುವುದನ್ನು ಯಾವ ಮೇಷ್ಟ್ರು ತಾನೇ ಬೇಡವೆಂದಾನು? ನನ್ನ ತಕರಾರು ಇರುವುದು ಆ ಚಿತ್ರಗಳ ಜತೆಗೆ ತಪ್ಪದೆ ಬರುವ ಒಂದು ವಾಕ್ಯದ ಬಗ್ಗೆ: "ನಮ್ಮ ಕಾರು 5000 ಪೌಂಡ್ ಎಳೆಯುತ್ತದೆ ಸಾರ್, ಟ್ರೇಲರ್ ಇರುವುದು 3800 ಮಾತ್ರ."

ಈ ವಾಕ್ಯದ ಎರಡು ಸಂಖ್ಯೆಗಳೂ ಸುಳ್ಳಲ್ಲ. ಆದರೆ ಎರಡೂ ಅರ್ಧಸತ್ಯಗಳು. ಅರ್ಧಸತ್ಯ ಏನು ಮಾಡಬಲ್ಲದೆಂಬುದನ್ನು ತಿಳಿಯಲು ದ್ರೋಣಾಚಾರ್ಯರ ಕಥೆಯೊಂದೇ ಸಾಕು.

ಮೊದಲು ಮೂಲಪಾಠ. ಎಳೆಯುವುದು ಬೇರೆ, ಹೊರುವುದು ಬೇರೆ. ಟ್ರೇಲರನ್ನು ಕಾರು ಎಳೆಯುತ್ತದೆಯೆಂದು ಎಲ್ಲರೂ ಬಲ್ಲರು. ಅದರ ಒಂದು ಪಾಲನ್ನು ಕಾರು ಹೊರುತ್ತದೆಯೆಂಬುದನ್ನು ಬಹುಮಂದಿ ಮರೆಯುತ್ತಾರೆ. ನಮ್ಮ ಊರಿನ ಎತ್ತಿನ ಗಾಡಿಯನ್ನು ನೆನಪಿಸಿಕೊಳ್ಳಿ. ಮೂಟೆಗಳನ್ನೆಲ್ಲ ಹಿಂದಕ್ಕೆ ಒಟ್ಟಿದರೆ ಗಾಡಿ ಹಿಂಭಾರವಾಗಿ ನೊಗ ಮೇಲಕ್ಕೆದ್ದು ಎತ್ತುಗಳ ಕೊರಳಿಗೆ ಉರುಳಾಗುತ್ತದೆ. ಎಲ್ಲವನ್ನೂ ಮುಂದಕ್ಕೆ ಒಟ್ಟಿದರೆ ಮುಂಭಾರವಾಗಿ ಎತ್ತುಗಳ ಹೆಗಲು ಕುಸಿಯುತ್ತದೆ. ಅಕ್ಷರ ಬಾರದ ಗಾಡಿಯವನು ಮೂಟೆಗಳನ್ನು ಹಿಂದೆ ಮುಂದೆ ಸರಿಸಿ, ನೊಗವನ್ನೊಮ್ಮೆ ಕೈಯಲ್ಲಿ ಎತ್ತಿ ನೋಡಿ, ಆಮೇಲೆ ಎತ್ತು ಹೂಡುತ್ತಿದ್ದ. ನಾನು ಎಂಟನೆಯ ತರಗತಿಯಲ್ಲಿ ಸನ್ನೆಗೋಲಿನ ಪಾಠಕ್ಕೆ ಈ ಉದಾಹರಣೆಯನ್ನೇ ಕೊಡುತ್ತಿದ್ದೆ.

ಆ ನೊಗದ ಭಾರವೇ ಅಮೆರಿಕದವರು 'ಟಂಗ್ ವೇಟ್' ಎನ್ನುವ, ಕಾರಿನ ಹಿಂಬದಿಯ ಕೊಕ್ಕೆಯ ಮೇಲೆ ಟ್ರೇಲರ್ ಹೇರುವ ಭಾರ. ಅದು ಟ್ರೇಲರಿನ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಇರಬೇಕು. ಕಡಿಮೆಯಾದರೆ ಟ್ರೇಲರ್ ವೇಗದಲ್ಲಿ ಅತ್ತಿತ್ತ ಓಲಾಡತೊಡಗುತ್ತದೆ. ಆ ಓಲಾಟ ಬೆಳೆದರೆ ಕಾರನ್ನೂ ತನ್ನೊಡನೆ ಸೆಳೆದುಕೊಂಡು ಮಗುಚುತ್ತದೆ. ಹೆಚ್ಚಾದರೆ ಕಾರಿನ ಹಿಂಭಾಗ ಕುಸಿದು, ಮುಂದಿನ ಚಕ್ರಗಳು ಹಗುರಾಗಿ, ಸ್ಟಿಯರಿಂಗ್ ಹಿಡಿತ ತಪ್ಪುತ್ತದೆ.

ಈಗ ಲೆಕ್ಕ ಮಾಡೋಣ. ಸೀಮೆಸುಣ್ಣ ಹಿಡಿಯದೆ ನನಗೆ ವಾದಿಸಲು ಬಾರದು. 3800 ಎಂಬುದು ಖಾಲಿ ಟ್ರೇಲರಿನ ತೂಕ. 30 ಗ್ಯಾಲನ್ ನೀರು ತುಂಬಿಸಿದರೆ 250 ಪೌಂಡ್. ಎರಡು ಅನಿಲದ ಸಿಲಿಂಡರುಗಳು 75. ಬ್ಯಾಟರಿ 60. ಹಾಸಿಗೆ, ಪಾತ್ರೆ, ಅಕ್ಕಿ-ಬೇಳೆ, ಮಡಚುವ ಕುರ್ಚಿ ಎಲ್ಲ ಸೇರಿ 400 ಎನ್ನಿ. ಒಟ್ಟು 4585. ಬ್ರೋಷರಿನ ಪ್ರಕಾರ ಇನ್ನೂ 415 ಪೌಂಡ್ ಉಳಿತಾಯವೇ ಇದೆ! ಆದರೆ ಇದರ ಶೇಕಡಾ 13, ಅಂದರೆ ಸುಮಾರು 600 ಪೌಂಡ್, ಕಾರಿನ ಕೊಕ್ಕೆಯ ಮೇಲೆ ಕೂರುತ್ತದೆ. 5000 ಎಳೆಯಬಲ್ಲ ಇಂತಹ ಅನೇಕ ಕಾರುಗಳ ಕೊಕ್ಕೆಯ ಮಿತಿ 500 ಮಾತ್ರ. ಶೇಕಡಾ 10ಕ್ಕೆ ಇಳಿಸಿ ಮಿತಿಯೊಳಗೆ ತಂದೆವೆಂದು ಹಿಗ್ಗಬೇಡಿ. ಆಗ ನೀವು ಓಲಾಟದ ಅಂಚಿನಲ್ಲಿ ನಿಂತಿರುತ್ತೀರಿ.

ಇನ್ನು ಕಾರಿನೊಳಗಿನ ಲೆಕ್ಕ. ಚಾಲಕನ ಬಾಗಿಲನ್ನು ತೆರೆದರೆ ಚೌಕಟ್ಟಿನಲ್ಲಿ ಒಂದು ಚೀಟಿ ಅಂಟಿಸಿರುತ್ತದೆ. ಪ್ರಯಾಣಿಕರೂ ಸಾಮಾನೂ ಸೇರಿ ಇಷ್ಟು ತೂಕವನ್ನು ಎಂದೂ ಮೀರಬಾರದು ಎಂದು ಅದರಲ್ಲಿ ಬರೆದಿದೆ. ಅದು 1400 ಪೌಂಡ್ ಎಂದಿಟ್ಟುಕೊಳ್ಳೋಣ. ಕೊಕ್ಕೆಯ ಭಾರವೂ ಈ ಲೆಕ್ಕಕ್ಕೇ ಸೇರುತ್ತದೆ. ಅದು 600. ಕೊಕ್ಕೆಯ ಸಲಕರಣೆ 50. ಕಾರಿನ ಹಿಂಬದಿಯ ಚೀಲಗಳು 150. ತಂದೆ, ತಾಯಿ, ಇಬ್ಬರು ಮಕ್ಕಳು 470. ಬೇಸಿಗೆಗೆಂದು ಊರಿನಿಂದ ಬಂದ ಅಜ್ಜ-ಅಜ್ಜಿ 280. ಒಟ್ಟು 1550. ಮಿತಿಯನ್ನು 150 ಪೌಂಡ್ ಮೀರಿದಿರಿ. ಟ್ರೇಲರ್ ಅಂಗಡಿಯ ಲೆಕ್ಕದಲ್ಲಿ ಅಜ್ಜ-ಅಜ್ಜಿಯರಿಗೆ ತೂಕವೇ ಇಲ್ಲ.

ನನ್ನ ಅಳಿಯ ಟ್ರೇಲರ್ ಕೊಳ್ಳಲು ಹೊರಟಾಗ ನಾನೂ ಜತೆಗಿದ್ದೆ. ಮಾರುವವನು ಕಾರಿನ ಹೆಸರು ಕೇಳಿದ, ಕಂಪ್ಯೂಟರಿನಲ್ಲಿ ನೋಡಿದ, ಧಾರಾಳವಾಗಿ ಎಳೆಯುತ್ತದೆ ಎಂದ. ಮನೆಯಲ್ಲಿ ಎಷ್ಟು ಜನ, ಯಾವ ದಾರಿಯಲ್ಲಿ ಹೋಗುತ್ತೀರಿ, ಬಾಗಿಲ ಚೀಟಿಯಲ್ಲಿ ಏನಿದೆ ಎಂದು ಒಂದು ಮಾತನ್ನೂ ಕೇಳಲಿಲ್ಲ. ಕಾರಿನ ಹೆಸರೊಂದನ್ನೇ ಕೇಳಿ ಉತ್ತರ ಹೇಳುವುದು ರೋಗಿಯ ನಾಡಿ ಹಿಡಿಯದೆ ಔಷಧ ಕೊಟ್ಟಂತೆ. ಹೋಂಡಾ ಪೈಲಟ್ ಎಂಬ ಒಂದೇ ಹೆಸರಿನ ಕಾರಿನಲ್ಲಿ ನಾಲ್ಕೂ ಚಕ್ರಗಳ ಚಾಲನೆಯದಕ್ಕೆ 5000, ಮುಂದಿನ ಚಕ್ರಗಳ ಚಾಲನೆಯದಕ್ಕೆ 3500 ಪೌಂಡ್ ಮಿತಿಯಿದೆ.

"ತಯಾರಕರು ಪರೀಕ್ಷೆ ಮಾಡಿಯೇ ಹೇಳಿರುತ್ತಾರಲ್ಲವೆ?" ಎನ್ನುವಿರಿ. ಹೌದು, ಮಾಡಿರುತ್ತಾರೆ. 2008ರಲ್ಲಿ ಹೊರಬಂದ ಎಸ್‌ಎಇ ಜೆ 2807 ಎಂಬ ಮಾನದಂಡವನ್ನು ಈಗ ಅನೇಕ ತಯಾರಕರು ಅನುಸರಿಸುತ್ತಾರೆ. ಅರಿಜೋನಾದ ಡೇವಿಸ್ ಅಣೆಕಟ್ಟಿನ ಬಳಿಯ 11.4 ಮೈಲಿಯ ಏರುದಾರಿಯನ್ನು ಕಡುಬೇಸಿಗೆಯಲ್ಲಿ ಎ.ಸಿ. ಹಾಕಿಕೊಂಡೇ ಹತ್ತುವುದು ಅದರ ಭಾಗ. ಕಠಿಣ ಪರೀಕ್ಷೆಯೇ ಸರಿ. ಆದರೆ ಆ ಪರೀಕ್ಷೆಯ ಕಾರಿನಲ್ಲಿ ಇರುವವರು ಇಬ್ಬರೇ. ತಲೆಗೆ 150 ಪೌಂಡ್. ಹಿಂದಿನ ಸೀಟಿನಲ್ಲಿ ಮಕ್ಕಳಿಲ್ಲ. ಅವರು ಬರೆದ ಪರೀಕ್ಷೆಯ ಅಂಕಗಳನ್ನು ನೀವು ನಿಮ್ಮ ಅಂಕಪಟ್ಟಿಯಲ್ಲಿ ತೋರಿಸುವುದು ಸಲ್ಲದು.

ದಾರಿಯೂ ಒಂದೇ ತೆರನಾಗಿರುವುದಿಲ್ಲ. ಡೆನ್ವರಿನಿಂದ ಪಶ್ಚಿಮಕ್ಕೆ ಹೋಗುವ ಐ-70 ಹೆದ್ದಾರಿ ಐಸೆನ್‌ಹೋವರ್ ಸುರಂಗದಲ್ಲಿ 11,000 ಅಡಿಗಳನ್ನು ಮೀರಿ ಏರುತ್ತದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ 1000 ಅಡಿಗೆ ಸುಮಾರು ಶೇಕಡಾ 3ರಷ್ಟು ಶಕ್ತಿಯನ್ನು ಕಳೆದುಕೊಳ್ಳುವುದರಿಂದ, ಅಲ್ಲಿ ನಿಮ್ಮ ಕಾರಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಇರುವುದಿಲ್ಲ. ಏರುವುದು ಹೇಗೋ ಆದೀತು. ಇಳಿಜಾರು ಶೇಕಡಾ 7ರಷ್ಟು ಕಡಿದಾಗಿದೆ. ಬ್ರೇಕ್ ಕಳೆದುಕೊಂಡ ಲಾರಿಗಳು ನುಗ್ಗಿ ನಿಲ್ಲಲೆಂದೇ ಪಕ್ಕದಲ್ಲಿ ಬೇರೆ ದಾರಿ ಮಾಡಿಟ್ಟಿದ್ದಾರೆ. ಅದನ್ನು ಯಾರೂ ಅಲಂಕಾರಕ್ಕಾಗಿ ಕಟ್ಟಿಲ್ಲ.

ವೇಗದ ಮಾತನ್ನೂ ಹೇಳಿಬಿಡುತ್ತೇನೆ. ಚಲನಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿದೆ. ಗಾಳಿಯ ತಡೆಯೂ ಹಾಗೆಯೇ. ಗಂಟೆಗೆ 55 ಮೈಲಿಯಿಂದ 65ಕ್ಕೆ ಏರಿದರೆ ಎರಡೂ ಸುಮಾರು ಶೇಕಡಾ 40ರಷ್ಟು ಹೆಚ್ಚುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವ ವಾಹನಗಳಿಗೆ 55ರ ಮಿತಿಯಿರುವುದು ಸುಮ್ಮನೆ ಅಲ್ಲ.

"ಯುರೋಪಿನಲ್ಲಿ ಇದಕ್ಕಿಂತ ಚಿಕ್ಕ ಕಾರುಗಳು ಕ್ಯಾರವಾನ್ ಎಳೆಯುತ್ತವೆ" ಎಂಬುದು ನಿಮ್ಮಲ್ಲಿ ಕೆಲವರ ವಾದ. ಎಳೆಯುತ್ತವೆ, ನಿಜ. ಜರ್ಮನಿಯಲ್ಲಿ ಅವಕ್ಕೆ ಸಾಮಾನ್ಯ ಮಿತಿ ಗಂಟೆಗೆ 80 ಕಿಲೋಮೀಟರ್, ಅಂದರೆ 50 ಮೈಲಿ. ವಿಶೇಷ ಅನುಮತಿ ಇದ್ದರೆ ಮಾತ್ರ 100 ಕಿಲೋಮೀಟರ್. ಅವರ ಕಾರನ್ನು ಮಾತ್ರ ಎರವಲು ತಂದು ಅವರ ಸಂಯಮವನ್ನು ಅಲ್ಲೇ ಬಿಟ್ಟುಬಂದರೆ ಆಗದು. "ಪಕ್ಕದ ಮನೆಯವನು ಐದು ವರ್ಷದಿಂದ ಎಳೆಯುತ್ತಿದ್ದಾನೆ, ಏನೂ ಆಗಿಲ್ಲ" ಎಂಬುದು ಇನ್ನೊಂದು ವಾದ. ಕಡಾಣಿ ಸವೆದ ಗಾಡಿಯೂ ಕಳಚಿಕೊಳ್ಳುವ ದಿನದವರೆಗೆ ಚೆನ್ನಾಗಿಯೇ ಓಡುತ್ತದೆ.

ಹಾಗೆಂದು, ದೊಡ್ಡ ಪಿಕಪ್ ಟ್ರಕ್ ಕೊಳ್ಳದವನು ಟ್ರೇಲರ್ ಮುಟ್ಟಲೇಬಾರದೆಂಬ ಗುಂಪಿಗೆ ನಾನು ಸೇರಿದವನಲ್ಲ. ಎರಡು ವಾರದ ಸುತ್ತಾಟಕ್ಕಾಗಿ ಐವತ್ತು ವಾರ ಆನೆ ಸಾಕುವುದೇಕೆ? ಹಾಸಿಗೆ ಇದ್ದಷ್ಟು ಕಾಲು ಚಾಚಿದರೆ ಸಾಕು. ತುಂಬಿದ ತೂಕ 3000 ಪೌಂಡ್ ಮೀರದ, ಮೇಲ್ಭಾಗ ಮಡಚಿ ತಗ್ಗಿಸಬಹುದಾದ ಟ್ರೇಲರನ್ನು ಆರಿಸಿಕೊಳ್ಳಿ. ಆಗ ಗಾಳಿಯ ತಡೆಯೂ ಕಡಿಮೆ. ಅನೇಕ ರಾಜ್ಯಗಳ ಕಾನೂನು 3000 ದಾಟಿದ ಟ್ರೇಲರಿಗೆ ಮಾತ್ರ ಸ್ವಂತ ಬ್ರೇಕ್ ಕೇಳುತ್ತದೆ. ನೀವು ಅದಕ್ಕಿಂತ ಹಗುರವಾದುದಕ್ಕೂ ಹಾಕಿಸಿ. ಟ್ಯಾಂಕಿನ ನೀರನ್ನು ತಂಗುದಾಣದಲ್ಲೇ ತುಂಬಿಸಿಕೊಳ್ಳಿ. ಹೊರಡುವ ಮೊದಲು, ಎಲ್ಲರೂ ಕುಳಿತು, ಎಲ್ಲವೂ ತುಂಬಿದ ಸ್ಥಿತಿಯಲ್ಲಿ, ಲಾರಿಗಳ ತೂಕದ ಕಟ್ಟೆಗೆ ಒಮ್ಮೆ ಹೋಗಿಬನ್ನಿ. ಒಂದು ಊಟದ ಖರ್ಚೂ ಆಗಲಾರದು.

ಎಳೆಯುವ ಸಂಖ್ಯೆಯನ್ನು ಬ್ರೋಷರಿನಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕುತ್ತಾರೆ. ಹೊರುವ ಸಂಖ್ಯೆಯನ್ನು ಬಾಗಿಲ ಸಂದಿಯಲ್ಲಿ ಅಂಟಿಸುತ್ತಾರೆ. ಮೊದಲನೆಯದು ಮಾರುವವನ ಸಂಖ್ಯೆ, ಎರಡನೆಯದು ನಿಮ್ಮ ಸಂಸಾರದ ಸಂಖ್ಯೆ. ಮುಂದಿನ ಬಾರಿ ಪ್ರವಾಸದ ಚಿತ್ರ ಕಳುಹಿಸುವಾಗ ಆ ಚೀಟಿಯ ಚಿತ್ರವನ್ನೂ, ತೂಕದ ಕಟ್ಟೆಯ ರಸೀದಿಯನ್ನೂ ಜತೆಗಿಡಿ. ಅಂಕ ಹಾಕಲು ನಾನಿನ್ನೂ ಸಿದ್ಧನಿದ್ದೇನೆ.

ಇಂತಿ,
ನಿಮ್ಮ ವಿಜ್ಞಾನದ ಮೇಷ್ಟ್ರು