ಅಗಲವಾದ ಟೈರು, ಹಳೆಯ ಗಾಲಿ

ಕಳೆದ ಮಳೆಗಾಲಕ್ಕೆ ಸ್ವಲ್ಪ ಮುಂಚೆ ನನ್ನ ಸೋದರಳಿಯನು ಒಂದು ಪ್ರಶ್ನೆಯನ್ನು ಹೊತ್ತುಕೊಂಡು ಮನೆಗೆ ಬಂದನು. ಎಂಜಿನಿಯರಿಂಗ್ ಕಾಲೇಜಿನ ಎರಡನೆಯ ವರ್ಷದ ವಿದ್ಯಾರ್ಥಿ. ತಂದೆಯ ಕಾರನ್ನು ಓಡಿಸಲು ಆಗತಾನೆ ಅನುಮತಿ ದೊರೆತಿತ್ತು. ನಾಲ್ವರು ಗೆಳೆಯರೊಡನೆ ಶಿರಾಡಿ ಘಾಟಿಯ ಮಾರ್ಗವಾಗಿ ಮಂಗಳೂರಿಗೆ ಹೋಗಿಬರುವ ಯೋಚನೆ. ಕಾರಿನ ಟೈರುಗಳು ಸವೆದಿದ್ದುವು. “ಮಾವ, ಹೇಗೂ ಹೊಸ ಟೈರು ಕೊಳ್ಳಲೇಬೇಕು. 185ರ ಬದಲು 205 ಹಾಕಿಸಿದರೆ ಹಿಡಿತ ಹೆಚ್ಚುತ್ತದೆ, ಅಲ್ಲವೆ? ಗಾಲಿ ಬದಲಾಯಿಸಬೇಕಾಗಿಲ್ಲ, ಇದೇ ಗಾಲಿಗೆ ಸಲೀಸಾಗಿ ಕೂರುತ್ತದೆ ಎಂದು ಅಂಗಡಿಯವರೇ ಹೇಳಿದರು” ಎಂದನು.

ಕೂರುವುದೇನೋ ನಿಜ. ಟೈರಿನ ಒಳವ್ಯಾಸ 15 ಅಂಗುಲ, ಗಾಲಿಯ ವ್ಯಾಸವೂ 15 ಅಂಗುಲ. ಯಂತ್ರಕ್ಕೆ ಕೊಟ್ಟು ಗಾಳಿ ತುಂಬಿಸಿದರೆ ಕುಳಿತೇ ಕುಳಿತುಕೊಳ್ಳುವುದು. ಆದರೆ ಕೂರುವುದಕ್ಕೂ ಹೊಂದುವುದಕ್ಕೂ ಭೇದವಿದೆ. ಚಿಕ್ಕ ಚಪ್ಪಲಿಯಲ್ಲಿಯೂ ದೊಡ್ಡ ಪಾದವನ್ನು ತೂರಿಸಬಹುದು. ಹತ್ತು ಮೈಲಿ ನಡೆದಾಗ ಅದರ ಫಲ ತಿಳಿಯುತ್ತದೆ. ಈ ವಿಷಯವನ್ನು ನಮ್ಮ ತರುಣರು ಅಂಗಡಿಯವರ ಮಾತಿನಿಂದಲ್ಲದೆ ತಾವು ಓದುವ ಭೌತವಿಜ್ಞಾನದಿಂದಲೇ ತೀರ್ಮಾನಿಸಬಹುದೆಂಬುದು ನನ್ನ ಅಭಿಪ್ರಾಯ.

ಮೊದಲು ಟೈರಿನ ಪಕ್ಕೆಯ ಮೇಲಿನ ಬರಹವನ್ನು ಓದೋಣ. 185/65 R15 88H ಎಂದಿದ್ದರೆ, 185 ಎಂಬುದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. ಪಕ್ಕೆಯ ಎತ್ತರವು ಈ ಅಗಲದ ನೂರಕ್ಕೆ 65 ಪಾಲು. R ಎಂಬುದು ಒಳಗಿನ ಎಳೆಗಳು ರೇಡಿಯಲ್ ಕ್ರಮದಲ್ಲಿ ಹಾಸಿವೆಯೆಂಬುದಕ್ಕೆ ಗುರುತು. 15 ಎಂಬುದು ಗಾಲಿಯ ವ್ಯಾಸ, ಅಂಗುಲಗಳಲ್ಲಿ. 88 ಎಂದರೆ ಆ ಟೈರು ಹೊರಬಲ್ಲ ಭಾರ 560 ಕಿಲೋಗ್ರಾಂ. H ಎಂದರೆ ತಾಳಬಲ್ಲ ವೇಗ ಗಂಟೆಗೆ 210 ಕಿಲೋಮೀಟರು. ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡಾ ಮತ್ತು ಅಂಗುಲಗಳನ್ನು ಹೀಗೆ ಕಲಸಿಟ್ಟಿರುವುದನ್ನು ಕಂಡರೆ ಪರೀಕ್ಷಕರು ಅಂಕ ಕಳೆಯುವುದು ಖಂಡಿತ. ಆದರೆ ಲೋಕ ಅದನ್ನು ಒಪ್ಪಿಕೊಂಡುಬಿಟ್ಟಿದೆ.

ಈ ಸಾಲಿನಲ್ಲಿ ಇಲ್ಲದೆ ಇರುವ ಅಂಕಿ ಒಂದುಂಟು. ಅದು ಗಾಲಿಯ ರಿಮ್ಮಿನ ಅಗಲ. ಅದನ್ನು ಗಾಲಿಯ ಮೇಲೆಯೇ, 5J × 15 ಎಂಬಂತೆ, ಅಚ್ಚೊತ್ತಿರುತ್ತಾರೆ. ಎರಡು ಅಂಚುಗಳ ಒಳಮೈಗಳ ನಡುವೆ 5 ಅಂಗುಲ ಎಂದು ಇದರ ಅರ್ಥ. J ಎಂಬುದು ಅಂಚಿನ ಆಕಾರವನ್ನು ಸೂಚಿಸುತ್ತದೆ. ಪ್ರತಿಯೊಂದು ಅಳತೆಯ ಟೈರಿಗೂ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಅಗಲದ ರಿಮ್ಮು ಸಲ್ಲುವುದೆಂದು ತಯಾರಕರು ಪಟ್ಟಿ ಮಾಡಿರುತ್ತಾರೆ. 185/65 R15ಕ್ಕೆ ಅದು 5ರಿಂದ 6½ ಅಂಗುಲ; 205/65 R15ಕ್ಕೆ 5½ರಿಂದ 7½ ಅಂಗುಲ. ಅಳಿಯನ ಕಾರಿನ ಗಾಲಿಯನ್ನು ಒರೆಸಿ ನೋಡಿದಾಗ ಅಲ್ಲಿದ್ದುದು 5. ಅಲ್ಲಿಗೇ ಮಾತು ಮುಗಿಯಬೇಕಾಗಿತ್ತು. ಆದರೆ “ಅರ್ಧ ಅಂಗುಲದಿಂದ ಏನಾದೀತು?” ಎಂದು ಕೇಳುವುದು ತಾರುಣ್ಯದ ಹಕ್ಕು. ಆ ಪ್ರಶ್ನೆಗೆ ಉತ್ತರ ಕೊಡುವುದು ಹಿರಿಯರ ಕರ್ತವ್ಯ.

ಟೈರಿನ ಅಗಲವೆಂದು ಬರೆದಿರುವುದು ಒಂದು ಗೊತ್ತಾದ ರಿಮ್ಮಿನ ಮೇಲೆ ಅಳೆದ ಅಗಲ. 205/65ನ್ನು ಅಳೆಯುವುದು 6 ಅಂಗುಲದ ರಿಮ್ಮಿನ ಮೇಲೆ. ರಿಮ್ಮು ಅರ್ಧ ಅಂಗುಲ ಕಿರಿದಾದರೆ ಟೈರೂ ಸುಮಾರು 5 ಮಿಲಿಮೀಟರು ಕುಗ್ಗುತ್ತದೆ. ಆದುದರಿಂದ 5 ಅಂಗುಲದ ಗಾಲಿಯ ಮೇಲೆ ಅದು ಸುಮಾರು 10 ಮಿಲಿಮೀಟರನ್ನು ಕಳೆದುಕೊಳ್ಳುವುದು. ಹಣ ಕೊಟ್ಟ ಅಗಲವೇ ಪೂರ್ತಿ ಕೈಗೆ ಬರಲಿಲ್ಲವೆಂದಾಯಿತು. ಇದಕ್ಕಿಂತ ಕೆಟ್ಟದ್ದು ಆಕಾರದ ಮಾತು. ಬುಡದಲ್ಲಿ ಹಿಸುಕಿದ ಟೈರಿನ ಪಕ್ಕೆಗಳು ವಿದ್ಯುದ್ದೀಪದ ಬುರುಡೆಯಂತೆ ಉಬ್ಬುತ್ತವೆ. ನೆಲವನ್ನು ಮುಟ್ಟಬೇಕಾದ ಮೇಲ್ಪಟ್ಟಿಯು ಸಮತಟ್ಟಾಗಿರದೆ ನಡುವೆ ಉಬ್ಬಿ ಅಂಚುಗಳಲ್ಲಿ ಹಗುರವಾಗುತ್ತದೆ. ನಡುಭಾಗ ಬೇಗ ಸವೆಯುತ್ತದೆ. ಚುಕ್ಕಾಣಿಯನ್ನು ತಿರುಗಿಸಿದಾಗ ಮೊದಲು ಗಾಲಿ ಹೊರಳಿ, ಉಬ್ಬಿದ ಪಕ್ಕೆ ಬಾಗಿ, ಆಮೇಲೆ ಮೇಲ್ಪಟ್ಟಿ ಅದನ್ನು ಹಿಂಬಾಲಿಸುತ್ತದೆ. ಈ ಒಂದು ಕ್ಷಣದ ವಿಳಂಬವನ್ನು ನೇರ ರಸ್ತೆಯಲ್ಲಿ ಯಾರೂ ಗಮನಿಸರು. ಎದುರಿಗೆ ಲಾರಿ ಬಂದಾಗ ಗಮನಕ್ಕೆ ಬರುವುದು.

ಇನ್ನು ಹಿಡಿತದ ವಿಚಾರ. ಪ್ರೌಢಶಾಲೆಯ ಪಾಠವನ್ನು ನೆನಪಿಗೆ ತಂದುಕೊಳ್ಳಿ. ಘರ್ಷಣೆಯು ಮೈಗಳು ಒತ್ತಿಕೊಂಡಿರುವ ಬಲವನ್ನು ಅವಲಂಬಿಸಿದೆಯೇ ಹೊರತು ತಾಗಿರುವ ಕ್ಷೇತ್ರವನ್ನಲ್ಲ ಎಂದು ಫ್ರಾನ್ಸಿನ ಅಮೊಂಟೋನ್ಸನು 1699ರಲ್ಲಿ ಸಾರಿದನು. ಇದು ನಿಜವಾದರೆ ಅಗಲದಿಂದ ಯಾವ ಲಾಭವೂ ಇರಕೂಡದು. ಆದರೆ ರಬ್ಬರು ಈ ನಿಯಮಕ್ಕೆ ಪೂರ್ತಿಯಾಗಿ ತಲೆಬಾಗುವುದಿಲ್ಲ. ಅದು ಮೆದುವಾದ ವಸ್ತು. ರಸ್ತೆಯ ಕಲ್ಲುಗಳ ಏರುತಗ್ಗುಗಳೊಳಕ್ಕೆ ಇಳಿದು ಕಚ್ಚಿಕೊಳ್ಳುತ್ತದೆ. ಒಂದೊಂದು ಚದರ ಸೆಂಟಿಮೀಟರಿನ ಮೇಲಿನ ಒತ್ತಡ ಹೆಚ್ಚಿದಂತೆ ಅದರ ಘರ್ಷಣಾಂಕ ಕಡಿಮೆಯಾಗುತ್ತದೆ. ಆದುದರಿಂದ ಒಣರಸ್ತೆಯ ಮೇಲೆ ಅಗಲವಾದ ಟೈರಿಗೆ ಮೇಲುಗೈಯುಂಟೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಫಾರ್ಮುಲಾ 1 ಪಂದ್ಯಗಳಲ್ಲಿ 2017ರಲ್ಲಿ ಮುಂದಿನ ಟೈರಿನ ಅಗಲವನ್ನು 245ರಿಂದ 305ಕ್ಕೂ ಹಿಂದಿನದನ್ನು 325ರಿಂದ 405 ಮಿಲಿಮೀಟರಿಗೂ ಏರಿಸಿದರು. ತಿರುವುಗಳಲ್ಲಿ ಕಾರುಗಳು ಮೊದಲಿಗಿಂತ ವೇಗವಾಗಿ ಓಡಿದುವು. ಆದರೆ ಅವರು ಟೈರಿಗೆ ತಕ್ಕಂತೆ ಗಾಲಿಯನ್ನೂ ಅಗಲಗೊಳಿಸಿದರೆಂಬುದನ್ನು ನಮ್ಮ ತರುಣರು ಮರೆತುಬಿಡುತ್ತಾರೆ.

ನೆಲಕ್ಕೆ ತಾಗಿರುವ ಭಾಗವನ್ನು ಟೈರಿನ ಹೆಜ್ಜೆಯೆಂದು ಕರೆಯೋಣ. ಅದರ ಕ್ಷೇತ್ರವನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಕಾರೂ ಜನರೂ ಸೇರಿ 1240 ಕಿಲೋಗ್ರಾಂ ಎಂದುಕೊಂಡರೆ ಒಂದು ಗಾಲಿಯ ಮೇಲೆ ಸರಾಸರಿ 310. ಟೈರಿನೊಳಗಿನ ಒತ್ತಡ ಚದರ ಅಂಗುಲಕ್ಕೆ 32 ಪೌಂಡು, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 2.25 ಕಿಲೋಗ್ರಾಂ. ಭಾಗಿಸಿದರೆ ಬರುವುದು ಸುಮಾರು 138 ಚದರ ಸೆಂಟಿಮೀಟರು. ಪಕ್ಕೆಯ ಬಿಗುವಿನಿಂದ ಸ್ವಲ್ಪ ಹೆಚ್ಚುಕಡಿಮೆಯಾದೀತು. ಆದರೂ ಒಂದು ಅಂಚೆ ಕಾರ್ಡಿನಷ್ಟು ಜಾಗ! ಐವರ ಪ್ರಾಣವನ್ನು ಅಂತಹ ನಾಲ್ಕು ಕಾರ್ಡುಗಳು ಹಿಡಿದಿವೆ. ಈ ಲೆಕ್ಕದಲ್ಲಿ ಟೈರಿನ ಅಗಲ ಎಲ್ಲಿಯೂ ಬರಲಿಲ್ಲವೆಂಬುದನ್ನು ಗಮನಿಸಿರಿ. ಭಾರವೂ ಒತ್ತಡವೂ ಅವೇ ಆಗಿದ್ದರೆ ಅಗಲವಾದ ಟೈರಿನ ಹೆಜ್ಜೆ ದೊಡ್ಡದಾಗುವುದಿಲ್ಲ. ಅಡ್ಡಲಾಗಿ ಹಿಗ್ಗಿ ಉದ್ದದಲ್ಲಿ ಕುಗ್ಗುತ್ತದೆ, ಅಷ್ಟೆ. 14 ಸೆಂಟಿಮೀಟರು ಅಗಲ, 10 ಸೆಂಟಿಮೀಟರು ಉದ್ದ ಇದ್ದದ್ದು 16 ಅಗಲ, ಎಂಟೂವರೆ ಉದ್ದವಾಗುವುದು.

ಒಣನೆಲದಲ್ಲಿ ಈ ಆಕಾರ ತಿರುವಿಗೆ ಸಹಾಯಕ. ಮಳೆಯಲ್ಲಿ ಅದೇ ಅಪಾಯಕಾರಿ. ಗಂಟೆಗೆ 90 ಕಿಲೋಮೀಟರು ಎಂದರೆ ಸೆಕೆಂಡಿಗೆ 25 ಮೀಟರು. 10 ಸೆಂಟಿಮೀಟರಿನ ಹೆಜ್ಜೆ ಒಂದು ಜಾಗವನ್ನು ದಾಟಲು ತೆಗೆದುಕೊಳ್ಳುವ ಕಾಲ ಸೆಕೆಂಡಿನ ಸಾವಿರದಲ್ಲಿ 4 ಪಾಲು. ಎಂಟೂವರೆಯ ಹೆಜ್ಜೆಗೆ ಅದು 3.4 ಪಾಲು. ಅಷ್ಟರೊಳಗೆ ನಡುವಿನ ನೀರು ತೋಡುಗಳಿಗೆ ಇಳಿದು, ಪಕ್ಕಕ್ಕೆ ಸರಿದು ಹೋಗಬೇಕು. ಅಗಲವಾದ ಟೈರಿನಲ್ಲಿ ನೀರು ಓಡಬೇಕಾದ ದೂರ ಹೆಚ್ಚು, ಸಿಗುವ ಕಾಲ ಕಡಿಮೆ. ಹೋಗಲಾರದ ನೀರು ಟೈರನ್ನು ಮೇಲಕ್ಕೆತ್ತುತ್ತದೆ. ಕಾರು ದೋಣಿಯಾಗುತ್ತದೆ, ಚುಕ್ಕಾಣಿ ಆಟದ ಸಾಮಾನಾಗುತ್ತದೆ.

ಈ ತೇಲಾಟವನ್ನು ಅಮೆರಿಕದ ನಾಸಾ ಸಂಸ್ಥೆಯ ವಾಲ್ಟರ್ ಹಾರ್ನ್ ಮತ್ತು ರಾಬರ್ಟ್ ಡ್ರೆಹರ್ ವಿಮಾನದ ಚಕ್ರಗಳ ಸಲುವಾಗಿ ಅಭ್ಯಸಿಸಿ 1963ರಲ್ಲಿ ವರದಿ ಮಾಡಿದರು. ಅವರ ಸೂತ್ರ ಬಹು ಸರಳ: ಒತ್ತಡದ ವರ್ಗಮೂಲವನ್ನು 9ರಿಂದ ಗುಣಿಸಿದರೆ ಚಕ್ರ ತೇಲತೊಡಗುವ ವೇಗ ನಾಟ್‌ಗಳಲ್ಲಿ ದೊರೆಯುವುದು. 32 ಪೌಂಡಿಗೆ ಅದು ಸುಮಾರು 51 ನಾಟ್, ಅಂದರೆ ಗಂಟೆಗೆ 94 ಕಿಲೋಮೀಟರು. 24 ಪೌಂಡಿಗೆ 82ಕ್ಕೆ ಇಳಿಯುತ್ತದೆ. ತೋಡುಗಳು ನುಂಗಲಾರದಷ್ಟು ನೀರು ನಿಂತಿರುವ ನೆಲಕ್ಕೆ ಅನ್ವಯಿಸುವ ಲೆಕ್ಕವಿದು. ಇದರಲ್ಲಿಯೂ ಅಗಲದ ಮಾತಿಲ್ಲವಲ್ಲ ಎಂದು ಜಾಣ ವಿದ್ಯಾರ್ಥಿಯು ಆಕ್ಷೇಪಿಸಬಹುದು. ಆಕ್ಷೇಪಣೆ ಸರಿಯೆ. ಹೆಜ್ಜೆಯ ಆಕಾರವೂ ಎಣಿಕೆಗೆ ಬರಬೇಕೆಂದು 1980ರ ದಶಕದಲ್ಲಿ ಅದೇ ಹಾರ್ನ್ ಮತ್ತು ಸಂಗಡಿಗರು ಬರಿಯ ಲಾರಿಗಳ ಟೈರುಗಳನ್ನು ಪರೀಕ್ಷಿಸಿ ಕಂಡುಕೊಂಡರು. ಹೆಜ್ಜೆ ಗಿಡ್ಡವಾಗಿ ಅಗಲವಾದಷ್ಟೂ ತೇಲುವ ವೇಗ ಇಳಿಯುತ್ತದೆ.

ವ್ಯಾಸದ ಲೆಕ್ಕವನ್ನು ನೋಡೋಣ. 185/65 R15ರ ವ್ಯಾಸ 621.5 ಮಿಲಿಮೀಟರು, 205/65 R15ರದು 647.5. ನೂರಕ್ಕೆ 4ಕ್ಕಿಂತ ಸ್ವಲ್ಪ ಹೆಚ್ಚು. ಹಳೆಯ ಟೈರಿನೊಡನೆ ಸರಿಯಾಗಿ ತೋರಿಸುತ್ತಿದ್ದ ವೇಗಮಾಪಕವು 100 ಎಂದಾಗ ಕಾರು 104ರಲ್ಲಿ ಓಡುತ್ತಿರುವುದು. ಮೇಲಿನ ಮಡ್‌ಗಾರ್ಡಿನೊಡನೆ ಇದ್ದ ಸಂದಿನಲ್ಲಿ 13 ಮಿಲಿಮೀಟರು ಹೋಯಿತು. ವ್ಯಾಸವನ್ನು ಉಳಿಸಿಕೊಳ್ಳಲು ಪಕ್ಕೆಯನ್ನು ತಗ್ಗಿಸುವವರುಂಟು. 205/60 ಆದರೆ 627, ಹೆಚ್ಚು ಕಡಿಮೆ ಸಮ. ಆದರೆ ತೀರ ತಗ್ಗಿಸಿ 195/55 R15 ಹಾಕಿದರೆ ಸಾಮಾನ್ಯವಾಗಿ ಅದರ ಭಾರದ ಅಂಕಿ 85, ಎಂದರೆ 515 ಕಿಲೋಗ್ರಾಂ ಮಾತ್ರ. ಅಗಲ ಹೆಚ್ಚಿತು, ಹೊರುವ ಶಕ್ತಿ ಇಳಿಯಿತು!

ಸಂದಿನ ವಿಷಯವನ್ನು ನಾನು ಪುಸ್ತಕದಿಂದ ಕಲಿತವನಲ್ಲ. 1998ರಲ್ಲಿ ನನ್ನ ಸಣ್ಣ ಕಾರಿಗೆ ಇಂತಹುದೇ ಅಗಲದ ಟೈರುಗಳನ್ನು ಅದೇ ಗಾಲಿಗಳ ಮೇಲೆ ಹಾಕಿಸಿದ್ದೆ. ಊರೊಳಗೆ ಒಂದು ತಿಂಗಳು ಓಡಿಸಿ ಹೆಮ್ಮೆಪಟ್ಟೆ. ಆಮೇಲೆ ಐದು ಜನ, ಮೇಲೆ ಹಾಸಿಗೆ, ಹಿಂದೆ ಹಲಸಿನ ಹಣ್ಣು, ಹೀಗೆ ಚಾರ್ಮಾಡಿ ಘಾಟಿಯನ್ನು ಇಳಿಯುವಾಗ ಪ್ರತಿ ತಿರುವಿನಲ್ಲಿಯೂ ಗರಗರ ಎಂಬ ಶಬ್ದ. ಹಲಸಿನ ಹಣ್ಣು ಉರುಳುತ್ತಿದೆಯೆಂದು ಮನೆಯವರು ಹೇಳಿದರು, ನಾನೂ ನಂಬಿದೆ. ಘಾಟಿಯ ಕೆಳಗೆ ನಿಲ್ಲಿಸಿ ನೋಡಿದರೆ ಮುಂದಿನ ಎಡ ಟೈರು ಒಳಗಿನ ಪ್ಲಾಸ್ಟಿಕ್ ಹೊದಿಕೆಯನ್ನು ಹರಿದು ಅದರ ಹಿಂದಿನ ತಗಡಿಗೆ ಉಜ್ಜುತ್ತಿತ್ತು. ಟೈರಿನ ಹೆಗಲಿನಲ್ಲಿ ಬೆರಳು ಇಡುವಷ್ಟು ಗಾಯ. ಇನ್ನೂ ಹತ್ತು ತಿರುವುಗಳಿದ್ದಿದ್ದರೆ ಏನಾಗುತ್ತಿತ್ತೋ ತಿಳಿಯದು. ಟೈರು 20 ಮಿಲಿಮೀಟರು ಅಗಲವಾದರೆ 10 ಹೊರಕ್ಕೆ, 10 ಒಳಕ್ಕೆ ಹೋಗುವುದು. ಹೊರಗಿನದು ಕಾಣುತ್ತದೆ, ಮೆಚ್ಚುಗೆಯಾಗುತ್ತದೆ. ಒಳಗಿನದು ಶಾಕ್ ಅಬ್ಸಾರ್ಬರಿನ ಕಡೆಗೆ ಸರಿದದ್ದು ಕಾಣುವುದಿಲ್ಲ. ಬರಿಯ ಕಾರನ್ನು ಅಂಗಡಿಯ ಮುಂದೆ ನಿಲ್ಲಿಸಿ ಚುಕ್ಕಾಣಿ ತಿರುಗಿಸಿ ನೋಡಿದರೆ ಸಾಲದು; ಭಾರ ಹೇರಿ ಸ್ಪ್ರಿಂಗು ಕುಗ್ಗಿದಾಗಲೂ ಸಂದು ಉಳಿಯಬೇಕು.

“ಕಾರ್ಖಾನೆಯವರು ಕಿರಿದಾದ ಟೈರು ಕೊಡುವುದು ಕಾಸು ಉಳಿಸಲು” ಎಂಬ ಮಾತನ್ನು ಎಲ್ಲೆಡೆ ಕೇಳುತ್ತೇವೆ. ಅದರಲ್ಲಿ ಸತ್ಯಾಂಶವಿದೆ, ನಾನು ಅವರ ವಕೀಲನಲ್ಲ. ಆದರೆ ಅಗ್ಗವಲ್ಲದ ಕಾರುಗಳಲ್ಲಿಯೂ ಕಿರಿದಾದ ಟೈರನ್ನು ಬೇಕೆಂದೇ ಆರಿಸಿಕೊಂಡವರಿದ್ದಾರೆ. ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪೆನಿಯು 2013ರಲ್ಲಿ ಹೊರತಂದ ಐ3 ಎಂಬ ವಿದ್ಯುತ್ ಕಾರಿಗೆ 155/70 R19 ಅಳತೆಯ, ಸೈಕಲ್ಲನ್ನು ನೆನಪಿಸುವಂತಹ ಎತ್ತರದ ಸಪೂರ ಟೈರುಗಳನ್ನು ತೊಡಿಸಿತು. ಗಾಳಿಯ ತಡೆ ಕಡಿಮೆಯಾಗಲೆಂದು ಅಗಲವನ್ನು ಇಳಿಸಿ, ಉರುಳುವ ತಡೆ ಕಡಿಮೆಯಾಗಲೆಂದು ವ್ಯಾಸವನ್ನು ಏರಿಸಿದರು. ಒಂದೇ ಮಾದರಿಯ ಕಾರಿನ ದುಬಾರಿ ಆವೃತ್ತಿಗೆ ಅಗಲವಾದ ಟೈರು ಕೊಡುವಾಗಲೂ ತಯಾರಕರು ಅದಕ್ಕೊಪ್ಪುವ ಗಾಲಿಯನ್ನೇ ಕೊಡುತ್ತಾರೆ. ಅಗಲ ಬೇಕೇ ಬೇಕೆನ್ನುವವರು ಆ ಗಾಲಿಯನ್ನೂ ಆ ಟೈರನ್ನೂ ಒಟ್ಟಿಗೆ ಹಾಕಿಸಲಿ, ನನ್ನ ತಕರಾರಿಲ್ಲ. ನನ್ನ ತಕರಾರು ಅರ್ಧ ಕೆಲಸದ ಮೇಲೆ.

ಅಂಗಡಿಗೆ ಹೋಗುವ ಮುಂಚೆ ಒಂದು ಸಣ್ಣ ಪ್ರಯೋಗ ಮಾಡೋಣವೆಂದು ಅಳಿಯನಿಗೆ ಹೇಳಿದೆ. ಸಮನೆಲದಲ್ಲಿ ಕಾರನ್ನು ನಿಲ್ಲಿಸಿ, ಕೈಬ್ರೇಕು ಎಳೆದು, ಒಂದು ಟೈರಿನ ಕೆಳಗೆ ನಾಲ್ಕು ಕಡೆಯಿಂದಲೂ ಕಾಗದದ ಹಾಳೆಗಳನ್ನು ತೂರಿಸಬೇಕು. ಅವು ನಿಂತ ಕಡೆ ಹೆಜ್ಜೆಯ ಅಂಚು. ನಡುವಿನ ಜಾಗವನ್ನು ಅಳೆದು, ಉದ್ದವನ್ನು ಅಗಲದಿಂದ ಗುಣಿಸಿದರೆ ಕ್ಷೇತ್ರ. ಅವನು ಮಂಡಿಯೂರಿ ಅಳೆದನು. ಲೆಕ್ಕದಲ್ಲಿ 120ರ ಸುಮಾರಿಗೆ ಬರಬೇಕಾಗಿದ್ದ ಖಾಲಿ ಕಾರಿನ ಹೆಜ್ಜೆ 150ನ್ನು ಮೀರಿತ್ತು. “ಮಾವ, ನಿಮ್ಮ ಸೂತ್ರ ತಪ್ಪು” ಎಂದನು. ಒತ್ತಡಮಾಪಕವನ್ನು ಹಚ್ಚಿ ನೋಡಿದರೆ ಮುಳ್ಳು 24ನ್ನೂ ಮುಟ್ಟಲಿಲ್ಲ. ಆಮೇಲೆ ಅಳತೆಪಟ್ಟಿಯನ್ನು ತೋಡಿನೊಳಕ್ಕೆ ಇಳಿಸಿದೆವು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಕಾರಿಗೆ 1.6 ಮಿಲಿಮೀಟರಿಗಿಂತ ಕಡಿಮೆ ತೋಡು ಇರಕೂಡದೆನ್ನುತ್ತವೆ. ಇಲ್ಲಿ ಇದ್ದದ್ದು 1. ಹಿಡಿತ ಸಾಲದೆಂದು ಅವನು ದೂರುತ್ತಿದ್ದುದರಲ್ಲಿ ತಪ್ಪೇನೂ ಇರಲಿಲ್ಲ.

ಮರುದಿನ 185ರದೇ ನಾಲ್ಕು ಟೈರುಗಳನ್ನು, ಒದ್ದೆರಸ್ತೆಯ ಹಿಡಿತಕ್ಕೆ ಹೆಸರಾದ ಬಗೆಯವನ್ನು, ಹಾಕಿಸಿಕೊಂಡು ಬಂದನು. 205ಕ್ಕೆಂದು ಎತ್ತಿಟ್ಟಿದ್ದ ಹಣದಲ್ಲಿ ಸ್ವಲ್ಪ ಉಳಿದಿತ್ತು. ಅದರಲ್ಲಿ ತನ್ನದೇ ಒಂದು ಒತ್ತಡಮಾಪಕವನ್ನು ಕೊಂಡಿದ್ದನು.