ಕಂಪ್ಯೂಟರ್ ಕೊಟ್ಟರೆ ಸಾಲದು, ಕಾವಲೂ ಬೇಕು

ಹೊರನಾಡಿನ ಕನ್ನಡ ಶಾಲೆಗಳಿಗೆ ಕಂಪ್ಯೂಟರ್ ದಾನ ಮಾಡುವುದು ನಮ್ಮ ಸಂಘಗಳಿಗೆ ಹೊಸತಲ್ಲ. ಕಚೇರಿಯಲ್ಲಿ ಹಳತಾದ ಹತ್ತು ಯಂತ್ರ, ಒಂದು ಶಾಲು, ಒಂದು ಫೋಟೊ. ಅಲ್ಲಿಗೆ ಕಾರ್ಯಕ್ರಮ ಮುಗಿಯಿತು. ಆ ಯಂತ್ರಗಳಲ್ಲಿ ಸೇರುವ ಮಕ್ಕಳ ಫೈಲುಗಳನ್ನು ಕಾಯುವವರು ಯಾರು ಎಂದು ಯಾರೂ ಕೇಳುವುದಿಲ್ಲ.

ಮುಂಬೈಯ ಕಂಪನಿಯೊಂದರಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಉದ್ಯೋಗ. ಬಿಡುವಿನ ದಿನಗಳಲ್ಲಿ ಕೆಲವು ಶಾಲೆಗಳ ಲ್ಯಾಬ್ ನೋಡಿದ್ದೇನೆ. ಹೆಚ್ಚಿನ ಕಡೆ ಕಂಡದ್ದು ಒಂದೇ: ಎಲ್ಲರೂ ಬಳಸುವ ಒಂದು ಫೋಲ್ಡರ್, ಎಲ್ಲರಿಗೂ ಒಂದೇ ಪಾಸ್‌ವರ್ಡ್, ಎಲ್ಲರಿಗೂ ಪೂರ್ಣ ಅಧಿಕಾರ. ಏಳನೇ ತರಗತಿಯ ಪ್ರಾಜೆಕ್ಟ್ ಪಕ್ಕದಲ್ಲೇ ಆಧಾರ್ ಪ್ರತಿ, ಜಾತಿ ಪ್ರಮಾಣಪತ್ರ, ಪೋಷಕರ ಮೊಬೈಲ್ ಸಂಖ್ಯೆ. ಯಾರೋ ಒಬ್ಬ ಹುಡುಗ ಅರಿಯದೆ ಡಿಲೀಟ್ ಒತ್ತಿದರೂ ಇಡೀ ತರಗತಿಯ ಕೆಲಸ ಹೋಯಿತು. ನೆಟ್‌ವರ್ಕ್ ಫೋಲ್ಡರಿನಿಂದ ಅಳಿಸಿದ್ದು ಸಾಮಾನ್ಯವಾಗಿ ನಮ್ಮ ಕಂಪ್ಯೂಟರಿನ ರಿಸೈಕಲ್ ಬಿನ್‌ಗೂ ಬರುವುದಿಲ್ಲ. ಪೆನ್‌ಡ್ರೈವ್‌ನಲ್ಲಿ ರ‍್ಯಾನ್ಸಮ್‌ವೇರ್ ಬಂದರಂತೂ, ಆ ಖಾತೆಗೆ ತಿದ್ದುವ ಅಧಿಕಾರವಿರುವ ಫೈಲುಗಳೆಲ್ಲ ಅದರ ಪಾಲು.

ಇದನ್ನು ಸರಿಪಡಿಸಲು ಹೆಚ್ಚು ದುಡ್ಡು ಬೇಡ, ಶಿಸ್ತು ಬೇಕು. ಪ್ರತಿ ಮಗುವಿಗೂ ಪ್ರತ್ಯೇಕ ಖಾತೆ, ತನ್ನದೇ ಫೋಲ್ಡರ್. ಪಾಠಗಳಿರುವ ಫೋಲ್ಡರಿನಲ್ಲಿ ಮಕ್ಕಳಿಗೆ ಓದುವ ಹಕ್ಕು ಮಾತ್ರ. ಹೋಮ್‌ವರ್ಕ್ ಒಪ್ಪಿಸುವ ಫೋಲ್ಡರ್ ಅಂಚೆ ಡಬ್ಬಿಯಂತಿರಲಿ: ಹಾಕಬಹುದು, ಇನ್ನೊಬ್ಬರದನ್ನು ತೆಗೆಯಲಾಗದು. ಕಚೇರಿಯ ದಾಖಲೆಗಳು ಲ್ಯಾಬಿನ ಕಣ್ಣಿಗೇ ಬೀಳಬಾರದು. ವಾರಕ್ಕೊಮ್ಮೆ ಹೊರಗಿನ ಹಾರ್ಡ್‌ಡಿಸ್ಕಿಗೆ ಬ್ಯಾಕಪ್ ತೆಗೆದು, ಕೇಬಲ್ ಕಳಚಿ ಬೀರುವಿನಲ್ಲಿಡಬೇಕು. ಸಿಕ್ಕಿಸಿಯೇ ಬಿಟ್ಟ ಡಿಸ್ಕನ್ನು ರ‍್ಯಾನ್ಸಮ್‌ವೇರ್ ಬಿಡುವುದಿಲ್ಲ. ಆ ಬ್ಯಾಕಪ್ ತೆರೆಯುತ್ತದೆಯೇ ಎಂದು ಆಗಾಗ ನೋಡಲೂ ಬೇಕು.

‘ಟೀಚರ್‌ಗಳಿಗೆ ಪಾಠಕ್ಕೇ ಪುರುಸೊತ್ತಿಲ್ಲ, ಇದೆಲ್ಲ ಎಲ್ಲಿಂದ?’ ಎನ್ನುತ್ತಾರೆ. ನಿಜ. ಅದಕ್ಕೇ ಇದು ನಮ್ಮ ಕೆಲಸ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳೇ. ದತ್ತಾಂಶಕ್ಕೆ ತಕ್ಕ ರಕ್ಷಣೆ ಕೊಡದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಆದರೆ ನನಗೆ ದಂಡಕ್ಕಿಂತ ದೊಡ್ಡ ಚಿಂತೆ ಬೇರೆ. ಕಟ್ಟಡ ಕೆಲಸಕ್ಕೆಂದು ಕಲಬುರಗಿ, ಯಾದಗಿರಿಯಿಂದ ಬಂದ ಕುಟುಂಬಕ್ಕೆ ಮನೆ ಬದಲಾಗುತ್ತದೆ, ಫೋನ್ ನಂಬರ್ ಬದಲಾಗುತ್ತದೆ. ಮಗು ಊರಿಗೆ ಮರಳಿ ಶಾಲೆ ಸೇರುವಾಗ ಕೈಗೆ ಸಿಗಬೇಕಾದದ್ದು ಇಲ್ಲಿನ ದಾಖಲೆ.

ಆದ್ದರಿಂದ ಸಂಘಗಳಿಗೆ ನನ್ನ ವಿನಂತಿ ಇಷ್ಟೇ: ಮುಂದಿನ ಸಲ ಕಂಪ್ಯೂಟರ್ ಕೊಡುವಾಗ, ತಿಂಗಳಿಗೆ ಎರಡು ಗಂಟೆ ಶಾಲೆಗೆ ಬಂದು ಅದನ್ನು ನೋಡಿಕೊಳ್ಳುವ ಒಬ್ಬ ಸದಸ್ಯನನ್ನೂ ಕೊಡಿ. ಐಟಿಯಲ್ಲಿರುವ ಕನ್ನಡಿಗರಿಗೆ ಈ ನಗರಗಳಲ್ಲಿ ಬರವಿಲ್ಲ.