ಅಗ್ಗದ ಲ್ಯಾಪ್‌ಟಾಪ್‌ಗೆ ಯಾವ ಓಎಸ್?

ಪಿಯುಸಿ ರಿಸಲ್ಟ್ ಬಂದು ಕಾಲೇಜು ಅಡ್ಮಿಷನ್ ಶುರುವಾಯ್ತು ಅಂದ್ರೆ, ಐಟಿಯಲ್ಲಿರೋ ನಮ್ಮಂಥವರ ಫೋನಿಗೆ ಊರಿಂದ ಒಂದು ಮೆಸೇಜ್ ಗ್ಯಾರಂಟಿ. 'ಅಕ್ಕಾ, 20 ಸಾವಿರದೊಳಗೆ ಒಳ್ಳೇ ಲ್ಯಾಪ್‌ಟಾಪ್ ಯಾವುದು?' ನಾವು ಯಾವುದೋ ಸೇಲ್‌ನ ಲಿಂಕ್ ಕಳಿಸಿ ಸುಮ್ಮನಾಗ್ತೀವಿ. ಅದರಲ್ಲಿ ಯಾವ ಆಪರೇಟಿಂಗ್ ಸಿಸ್ಟಮ್ ಇದೆ, ಆ ಹುಡುಗನಿಗೆ ಅದು ಸರಿಹೋಗುತ್ತಾ ಅಂತ ಯಾರೂ ಕೇಳೋದಿಲ್ಲ.

ಒಂದು ಕಾಲಕ್ಕೆ ಇದೇ ಪ್ರಶ್ನೆಗೆ ಘಟಾನುಘಟಿಗಳೇ ಕಿತ್ತಾಡಿದ್ದರು. 2005ರಲ್ಲಿ ಎಂಐಟಿ ಮೀಡಿಯಾ ಲ್ಯಾಬ್‌ನ ನಿಕೊಲಸ್ ನೆಗ್ರೊಪೊಂಟೆ, ಬಡದೇಶಗಳ ಪ್ರತಿ ಮಗುವಿಗೂ 100 ಡಾಲರ್‌ನ ಲ್ಯಾಪ್‌ಟಾಪ್ ಕೊಡಿಸ್ತೀವಿ ಅಂದರು. ಯೋಜನೆಯ ಹೆಸರು 'ಒನ್ ಲ್ಯಾಪ್‌ಟಾಪ್ ಪರ್ ಚೈಲ್ಡ್'. ಆ್ಯಪಲ್ ತನ್ನ ಓಎಸ್ ಪುಕ್ಕಟೆ ಕೊಡೋಕೆ ಮುಂದೆ ಬಂದರೂ, ಓಪನ್ ಸೋರ್ಸ್ ಅಲ್ಲ ಅನ್ನೋ ಕಾರಣಕ್ಕೆ ಬೇಡ ಅಂದರು. ಕೊನೆಗೆ ಬಂದಿದ್ದು ಲಿನಕ್ಸ್ ಮೇಲೆ ಕಟ್ಟಿದ 'ಶುಗರ್'. ಪ್ರೋಗ್ರಾಂ ಒಳಗಿನ ಕೋಡ್ ನೋಡೋಕೆ ಅಂತಲೇ ಕೀಬೋರ್ಡ್‌ನಲ್ಲಿ ಒಂದು ಕೀ ಇತ್ತು. ಮಗು ಕಂಪ್ಯೂಟರ್ ಬಳಸಿದರಷ್ಟೇ ಸಾಲದು, ಬಿಚ್ಚಿ ನೋಡಬೇಕು ಅನ್ನೋದು ಆಸೆ.

2007ರಲ್ಲಿ ಯಂತ್ರ ಹೊರಬಂದಾಗ ಬೆಲೆ 100 ಡಾಲರ್ ದಾಟಿತ್ತು. ರ‍್ಯಾಮ್ 256 ಎಂಬಿ, ಸ್ಟೋರೇಜ್ 1 ಜಿಬಿ. ಎಷ್ಟೋ ಸರ್ಕಾರಗಳಿಗೆ ವಿಂಡೋಸೇ ಬೇಕಿತ್ತು. 2008ರಲ್ಲಿ ವಿಂಡೋಸ್ ಎಕ್ಸ್‌ಪಿ ಹಾಕೋಕೆ ಒಪ್ಪಂದವಾಯಿತು, ಲೈಸೆನ್ಸಿಗೆ ಸುಮಾರು 3 ಡಾಲರ್. ಅದೇ ಹೊತ್ತಿಗೆ ಶುಗರ್ ಪರವಾಗಿದ್ದ ವಾಲ್ಟರ್ ಬೆಂಡರ್ ಹೊರನಡೆದು ಶುಗರ್ ಲ್ಯಾಬ್ಸ್ ಶುರು ಮಾಡಿದರು.

ಇಷ್ಟೆಲ್ಲ ಜಗಳದ ನಡುವೆ ಮಕ್ಕಳ ಕಲಿಕೆ ಏನಾಯ್ತು? ಪೆರುವಿನ 319 ಹಳ್ಳಿ ಶಾಲೆಗಳ ಅಧ್ಯಯನ 2012ರಲ್ಲಿ ಬಂತು. ಮಕ್ಕಳ ಕಂಪ್ಯೂಟರ್ ಬಳಕೆ ಜಾಸ್ತಿಯಾಗಿತ್ತು, ಆದರೆ ಗಣಿತ, ಭಾಷೆಯ ಅಂಕಗಳು ಹೆಚ್ಚಾಗಿರಲಿಲ್ಲ. ಬಹುಪಾಲು ಶಾಲೆಗಳಲ್ಲಿ ಇಂಟರ್ನೆಟ್ಟೇ ಇರಲಿಲ್ಲ. ನಮ್ಮಲ್ಲಿ 2011ರಲ್ಲಿ ಬಂದ ಆಕಾಶ್ ಟ್ಯಾಬ್ಲೆಟ್ ನೆನಪಿದೆಯಾ? ಆ್ಯಂಡ್ರಾಯ್ಡ್ ಓಎಸ್, 256 ಎಂಬಿ ರ‍್ಯಾಮ್. ಬೆಲೆ ಸುದ್ದಿಯಾದಷ್ಟು ಅದರ ಉಪಯೋಗ ಸುದ್ದಿಯಾಗಲೇ ಇಲ್ಲ.

ನನಗೆ ಇದರಿಂದ ಅರ್ಥವಾಗೋದು ಇಷ್ಟು: ಯಾವ ಓಎಸ್ ಶ್ರೇಷ್ಠ ಅನ್ನೋದಕ್ಕಿಂತ, ಆ ಮಗು ಏನು ಓದ್ತಿದೆ ಮತ್ತು ಕೈಕೊಟ್ಟಾಗ ಪಕ್ಕದಲ್ಲಿ ಯಾರಿರ್ತಾರೆ ಅನ್ನೋದು ಮುಖ್ಯ.

ಬಿಕಾಂ ಓದೋ ತಂಗಿಗೆ ಟ್ಯಾಲಿ ಬೇಕು. ಅಲ್ಲಿ ವಿಂಡೋಸ್ ಬಿಟ್ಟು ಬೇರೆ ದಾರಿ ಹುಡುಕಬೇಡಿ. ಆದರೆ 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್‌ನ ಹೊಸ ಲ್ಯಾಪ್‌ಟಾಪ್ ಮಾತ್ರ ಬೇಡ. ಅದು ವಿಂಡೋಸ್ 11ಕ್ಕೆ ಬೇಕಾದ ಕನಿಷ್ಠ ಮಿತಿ ಅಷ್ಟೇ. ಎರಡು ಅಪ್‌ಡೇಟ್ ಬರೋಷ್ಟರಲ್ಲಿ ಜಾಗ ಖಾಲಿ. ಅದೇ ದುಡ್ಡಿಗೆ 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರೋ ರಿಫರ್ಬಿಶ್ಡ್ ಸಿಕ್ಕರೆ ಅದೇ ವಾಸಿ. ಇಂಟೆಲ್ ಆದರೆ 8ನೇ ಜನರೇಷನ್‌ಗಿಂತ ಹಳೆಯದು ಬೇಡ, ವಿಂಡೋಸ್ 11 ಅಧಿಕೃತವಾಗಿ ಕೂರಲ್ಲ.

ಬಿಸಿಎ, ಕಂಪ್ಯೂಟರ್ ಸೈನ್ಸ್ ಹುಡುಗರಿಗೆ ಲಿನಕ್ಸ್ ಧಾರಾಳವಾಗಿ ಸಾಕು. ಸಿ, ಪೈಥಾನ್, ಜಾವಾ ಎಲ್ಲಾ ಪುಕ್ಕಟೆ. ಕನ್ನಡ ಟೈಪ್ ಮಾಡೋಕೆ ಕಗಪ ಕೀಲಿಮಣೆಯೂ ಇದೆ. ಹೈಸ್ಕೂಲ್ ಮಕ್ಕಳಿಗೆ, ಮನೆಯಲ್ಲಿ ವೈಫೈ ಇದ್ದರೆ, ಕ್ರೋಮ್‌ಬುಕ್ ಆಗುತ್ತೆ. ಆದರೆ ಆ ಮಾಡೆಲ್‌ಗೆ ಅಪ್‌ಡೇಟ್ ಯಾವ ವರ್ಷದವರೆಗೆ ಅಂತ ನೋಡಿಯೇ ಕೊಳ್ಳಿ.

ಇನ್ನು ನಿಮ್ಮ ಅಟ್ಟದ ಮೇಲಿರೋ ಹಳೇ ಲ್ಯಾಪ್‌ಟಾಪ್. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂದಮಾತ್ರಕ್ಕೆ ಗುಜರಿಗೆ ಹಾಕಬೇಡಿ. 4 ಜಿಬಿ ರ‍್ಯಾಮ್ ಇದ್ದರೆ ಲಿನಕ್ಸ್ ಮಿಂಟ್ ಆರಾಮಾಗಿ ಓಡುತ್ತೆ, ಒಂದು ಪೆನ್‌ಡ್ರೈವ್ ಸಾಕು.

ಒಂದು ಮಾತು ಮಾತ್ರ ನೆನಪಿಡಿ. ಲಿನಕ್ಸ್ ಹಾಕಿ ಊರಿಗೆ ಕಳಿಸಿ ಕೈ ತೊಳೆದುಕೊಂಡರೆ, ಮೊದಲ ಸಲ ಪ್ರಿಂಟರ್ ಕೆಲಸ ಮಾಡದಿದ್ದಾಗ ಅದು ಸೀದಾ ರಿಪೇರಿ ಅಂಗಡಿಗೆ ಹೋಗುತ್ತೆ. ವಾಪಸ್ ಬರುವಾಗ ಅದರಲ್ಲಿ ಪೈರೇಟೆಡ್ ವಿಂಡೋಸ್, ಜೊತೆಗೆ ನಾಲ್ಕು ವೈರಸ್ ಇದ್ದರೂ ಆಶ್ಚರ್ಯವಿಲ್ಲ. ಅದಕ್ಕೇ ಮೊದಲ ತಿಂಗಳು ನೀವೇ ಹೆಲ್ಪ್‌ಡೆಸ್ಕ್ ಆಗಿ. ವಾರಕ್ಕೊಂದು ವಿಡಿಯೋ ಕಾಲ್, ಅರ್ಧ ಗಂಟೆ. ಅಷ್ಟೂ ಪುರುಸೊತ್ತಿಲ್ಲ ಅಂದ್ರೆ, ಅವರ ಕಾಲೇಜು ಲ್ಯಾಬ್‌ನಲ್ಲಿ ಯಾವ ಓಎಸ್ ಇದೆಯೋ ಅದನ್ನೇ ಹಾಕಿಕೊಡಿ. ಗೊತ್ತಾಗದಿದ್ದರೆ ಕೇಳೋಕೆ ಲೆಕ್ಚರರ್ ಆದರೂ ಇರ್ತಾರೆ.

ಮುಂದಿನ ಸಲ ಊರಿಂದ ಆ ಮೆಸೇಜ್ ಬಂದರೆ ಲಿಂಕ್ ಹುಡುಕೋ ಮೊದಲು, 'ಏನ್ ಓದ್ತಿದ್ದೀಯಪ್ಪಾ?' ಅಂತ ಒಂದು ಫೋನ್ ಮಾಡಿ.